ಆಟಕ್ಕೊಂದು ಹಕಾರ

ಗಿರಿಧರ ಮೇಷ್ಟ್ರಿಗೆ ತಮಾಷೆ ಮಾಡುವ ಚಟವಿತ್ತು. ಬೀಡಿ ಸಿಗರೇಟಿನ ಚಟವಾದರೆ ಮನೆಯವರು ಬಯ್ಯುತ್ತಾರೆ, ಡಾಕ್ಟರು ಹೆದರಿಸುತ್ತಾರೆ. ಈ ಚಟಕ್ಕೆ ಮಾತ್ರ ಸುತ್ತ ನಿಂತವರೇ ನಕ್ಕು ನಕ್ಕು ಇನ್ನಷ್ಟು ಕುಮ್ಮಕ್ಕು ಕೊಡುತ್ತಾರೆ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿದ ಅವನು ಹಾಸನದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಅಪ್ಪ ಯೋಗಾನರಸಿಂಹನವರು ಅದೇ ದೇವಸ್ಥಾನದ ಪೂಜೆಯವರು. ತಾಯಿ ಶ್ರೀರಂಗಮ್ಮನವರಂತೂ ಮಕ್ಕಳ ಬಾಯಲ್ಲಿ ಒಂದು ಅಕ್ಷರ ಜಾರಿದರೂ ಬಡಿಸುವ ಕೈ ನಿಲ್ಲಿಸಿ, ತಿದ್ದಿ ಹೇಳಿಸಿದ ಮೇಲೇ ಅನ್ನ ಹಾಕುತ್ತಿದ್ದವರು. ಅಣ್ಣ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ. ಮದುವೆ ಮುಂಜಿಗಳಲ್ಲಿ ಅಣ್ಣನನ್ನು ಪ್ರೊಫೆಸರ್ ಎಂದು ಪರಿಚಯಿಸಿದ ನೆಂಟರು ಗಿರಿಧರನ ಸರದಿ ಬಂದಾಗ “ಇವನು ಆಟದ ಮೇಷ್ಟ್ರು” ಎಂದು ದನಿ ತಗ್ಗಿಸುತ್ತಿದ್ದರು. ಅದಕ್ಕೇ ಇರಬೇಕು, ಪದಕ್ಕೆ ಪದ ಹೊಸೆದು ನಗಿಸುವ ವಿದ್ಯೆಯನ್ನು ಅವನು ಅಷ್ಟು ಶ್ರದ್ಧೆಯಿಂದ ಬೆಳೆಸಿಕೊಂಡಿದ್ದು. ಆಟದ ಮೇಷ್ಟ್ರಾದರೂ ತಾನು ಎಂಥಾ ಮನೆಯವನು ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಆಸೆ.

ಆ ಭಾನುವಾರ ಹಾಸನದ ಮೈದಾನದಲ್ಲಿ ಹದಿನಾಲ್ಕು ವರ್ಷದೊಳಗಿನ ಹುಡುಗಿಯರ ಹಾಕಿ ತಂಡದ ಆಯ್ಕೆ ಇತ್ತು. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯಿಂದೆಲ್ಲ ಮಕ್ಕಳು ಬಂದಿದ್ದರು. ಕೆಲವರಿಗೆ ಹೊಸ ಶೂ, ಹೊಸ ಸ್ಟಿಕ್ಕು, ಬ್ಯಾಗು ಹೊರಲು ಅಪ್ಪ. ಕೆಲವರ ಸ್ಟಿಕ್ಕಿಗೆ ಸೈಕಲ್ ಟ್ಯೂಬಿನ ಸುತ್ತು. ಸಂಜೆಯೊಳಗೆ ಇವರಲ್ಲಿ ಎರಡು ತಂಡ ಆಗಬೇಕು. ಎ ತಂಡ ಮೈಸೂರಿನ ಪಂದ್ಯಕ್ಕೆ ಹೋಗುತ್ತದೆ, ಅಲ್ಲಿಗೆ ಕ್ರೀಡಾ ಹಾಸ್ಟೆಲಿನವರು ಬಂದು ನೋಡುತ್ತಾರೆ, ಕಣ್ಣಿಗೆ ಬಿದ್ದವರಿಗೆ ಓದು, ಊಟ, ಆಟ ಎಲ್ಲಾ ಅಲ್ಲೇ. ಬಿ ತಂಡಕ್ಕೆ ಒಂದು ಟೀ ಶರ್ಟು, ಒಂದು ಫೋಟೊ, ಮತ್ತೆ ‘ಮುಂದಿನ ವರ್ಷ ನೋಡೋಣ’ ಎಂಬ ಮಾತು. ಮುಂದಿನ ವರ್ಷಕ್ಕೆ ಅರ್ಧ ಮಕ್ಕಳ ವಯಸ್ಸು ಮೀರಿರುತ್ತದೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆರಿಸುವವರು ಮೂವರು. ಗಿರಿಧರ, ಅವನ ಸ್ನೇಹಿತ ಚನ್ನರಾಯಪಟ್ಟಣದ ನಟರಾಜ ಮೇಷ್ಟ್ರು, ಮತ್ತೆ ಒಂದು ಕಾಲಕ್ಕೆ ರಾಜ್ಯ ತಂಡಕ್ಕೆ ಆಡಿದ ಪ್ರೇಮಕುಮಾರಿ ಮೇಡಂ. ಮೇಡಂ ಇದ್ದ ಕಡೆ ತಮಾಷೆ ನಡೆಯುವುದಿಲ್ಲ. ಆದರೆ ಅವರ ಬಸ್ಸು ತಡವಾಗಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೆಸರು, ಊರು, ಯಾವ ಜಾಗದಲ್ಲಿ ಆಡುತ್ತೀಯ ಎಂದು ಕೇಳುವ ಕೆಲಸ ಗಿರಿಧರನ ಪಾಲಿಗೆ ಬಂತು. ಬಂದದ್ದೇ ತಡ, ಅವನು ಹುರುಪಾದ. ಒಬ್ಬಳಿಗೆ “ಗೋಲ್ ಕೀಪರಾ? ಮನೇಲಿ ಅಮ್ಮನ ಬೀಗದ ಕೈಗೂ ನೀನೇ ಕೀಪರಾ?” ಅಂದ. ಸಾಲು ಪೂರ್ತಿ ಕಿಸಿಕಿಸಿ ನಕ್ಕಿತು. ನಟರಾಜ ಎಲ್ಲರಿಗಿಂತ ಮೊದಲು ನಕ್ಕ.

ಸಾಲಿನ ಕೊನೆಯಲ್ಲಿ ಒಬ್ಬ ಸಣಕಲು ಹುಡುಗಿ ಸ್ಟಿಕ್ಕನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ತನ್ನ ಸರದಿ ಬಂದಾಗ ಕಂಠಪಾಠ ಒಪ್ಪಿಸುವವಳಂತೆ ಒಂದೇ ಉಸಿರಿಗೆ ಹೇಳಿದಳು:

“ನನ್ನ ಹೆಸರು ಶಿವರಂಜನಿ ಸರ್. ಹೂರು ಹಳ್ಳಿಮೈಸೂರು. ನಾನು ಹೆಡಗಡೆ ಚೆನ್ನಾಗಿ ಹಾಡ್ತೀನಿ ಸರ್.”

ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಗಳ ಬಾಯಿಗೆ ಹಕಾರ ಒಗ್ಗುವುದಿಲ್ಲ. ಹಾಸನ ಆಸನವಾಗುತ್ತದೆ, ಹಾಲು ಆಲಾಗುತ್ತದೆ. ಪೇಟೆಗೆ ಹೊರಟ ಮಗುವಿಗೆ ‘ಹ ಬಿಡಬೇಡ, ನಗ್ತಾರೆ’ ಎಂದು ಯಾರೋ ಹೇಳಿ ಕಳಿಸುತ್ತಾರೆ. ಎಲ್ಲಿ ಬಿಡಬಾರದು ಎನ್ನುವುದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಹೆದರಿಕೊಂಡು ಸಿಕ್ಕಿದ್ದಕ್ಕೆಲ್ಲ ಒಂದೊಂದು ಹ ಅಂಟಿಸುತ್ತದೆ. ಊರು ಹೂರಾಯಿತು, ಎಡಗಡೆ ಹೆಡಗಡೆಯಾಯಿತು, ಆಡುವುದು ಹಾಡುವುದಾಯಿತು. ಹಳ್ಳಿಯ ಮಕ್ಕಳಿಗೆ ವರ್ಷಗಟ್ಟಲೆ ಆಟ ಕಲಿಸಿದ ಗಿರಿಧರನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೂ ಕೈಗೆ ಬಂದ ತುತ್ತು ಬಿಡಲು ಮನಸ್ಸಾಗಲಿಲ್ಲ.

“ಹಾಡ್ತೀಯಾ?” ಎಂದು ಹುಬ್ಬೇರಿಸಿದ. “ಹಾಡು ನೋಡೋಣ.”

ಹುಡುಗಿಯ ಮುಖ ಅರಳಿತು. ಪಕ್ಕದಲ್ಲಿದ್ದ ಬಾಲನ್ನು ಸ್ಟಿಕ್ಕಿನಿಂದ ಎಳೆದುಕೊಂಡು ಎಡ ಅಂಚಿನಲ್ಲಿ ಓಡಿಯೇಬಿಟ್ಟಳು. ಸರ್ ಆಡು ಅಂದರು ಎಂದೇ ಅವಳಿಗೆ ಕೇಳಿಸಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಟರಾಜ ಹೊಟ್ಟೆ ಹಿಡಿದುಕೊಂಡು “ಅಲ್ಲಮ್ಮಾ, ಬಾಯಲ್ಲಿ, ಬಾಯಲ್ಲಿ!” ಎಂದು ಕೂಗಿ ಅವಳನ್ನು ವಾಪಸು ಕರೆದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ನಗುವಾಗಿ ಹೋಗುತ್ತಿತ್ತು. ಗಿರಿಧರ ನಿಲ್ಲಿಸಲಿಲ್ಲ. “ಶಿವರಂಜನಿ ಅಂತ ರಾಗದ ಹೆಸರು ಇಟ್ಕೊಂಡು ಹಾಡದೆ ಇದ್ರೆ ಆಗುತ್ತಾ? ನೀನೇ ಅಂದ್ಯಲ್ಲ ಚೆನ್ನಾಗಿ ಹಾಡ್ತೀನಿ ಅಂತ. ಆಗಲಿ, ಶುರು ಮಾಡು,” ಅಂದ.

ಅವಳು ಒಮ್ಮೆ ಅವನನ್ನು, ಒಮ್ಮೆ ಸಾಲನ್ನು ನೋಡಿದಳು. ಆಯ್ಕೆ ಮಾಡುವ ಸರ್ ಹೇಳಿದ ಮೇಲೆ ಮಾಡಲೇಬೇಕಲ್ಲ. ಸ್ಟಿಕ್ಕನ್ನು ಕಾಲಿನ ಬಳಿ ಇಟ್ಟು, ಕೈ ಮುಗಿದು, ಶಾಲೆಯಲ್ಲಿ ಬೆಳಿಗ್ಗೆ ಹೇಳುವ ಪ್ರಾರ್ಥನೆ ತೆಗೆದಳು. ಅವಳಿಗೆ ಹಾಡು ಬರುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಶ್ರುತಿ ಇಲ್ಲ, ಮೇಲಿನ ದನಿಗೆ ಹೋದಾಗ ಗಂಟಲು ಒಡೆಯುತ್ತಿತ್ತು, ಅಲ್ಲಲ್ಲಿ ಇರಬಾರದ ಹಕಾರ ನುಗ್ಗುತ್ತಿತ್ತು. ಪ್ರತಿ ಸಲ ನುಗ್ಗಿದಾಗಲೂ ಸಾಲಿನಲ್ಲಿ ನಗು. ಹಾಸನದ ಇಂಚರ ಎಂಬ ಹುಡುಗಿಯಂತೂ ನಗು ತಡೆಯಲಾರದೆ ಕೂತೇಬಿಟ್ಟಳು. ಸಾಕು ಎಂದು ಯಾರೂ ಹೇಳದೆ ಇದ್ದದ್ದರಿಂದ ಶಿವರಂಜನಿ ಕಡೆಯ ಸಾಲಿನವರೆಗೂ ಹಾಡಿದಳು. ಅರ್ಧಕ್ಕೆ ಬರುವಷ್ಟರಲ್ಲೇ ಗಿರಿಧರನ ನಗು ಆರಿಹೋಗಿತ್ತು, ಆದರೆ ಪ್ರಾರ್ಥನೆಯನ್ನು ನಡುವೆ ತಡೆಯುವುದು ಹೇಗೆ ಎಂದು ತಿಳಿಯದೆ ಸುಮ್ಮನೆ ನಿಂತಿದ್ದ. ಹಾಡು ಮುಗಿದಾಗ ಅವಳ ಕಿವಿಗಳು ಕೆಂಪಾಗಿದ್ದವು. ಎಲ್ಲವೂ ಅರ್ಥವಾಗಿತ್ತು ಅವಳಿಗೆ.

ಅದಾದ ಮೇಲೆ ಒಬ್ಬ ಮುದುಕಿ ತಂತಿ ಬೇಲಿಯ ಆಚೆಯಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದರು. ಶಿವರಂಜನಿಯ ಅಜ್ಜಿ ದಾಕ್ಷಾಯಣಮ್ಮ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚಕ್ಕುಲಿಯ ಡಬ್ಬಿ. ಇಲ್ಲಿನ ಮಾತು ಬೇಲಿಯ ಆಚೆಗೆ ಕೇಳಿಸದಿದ್ದರೂ ಹಾಡು ಕೇಳಿಸಿತ್ತು, ನಗುವನ್ನು ಮಕ್ಕಳ ಗಲಾಟೆ ಎಂದುಕೊಂಡಿದ್ದರು.

“ಸಾ, ನಮಸ್ಕಾರ. ಇಷ್ಟ್ ಜನ ಮಕ್ಳವ್ರೆ, ದೊಡ್ಡ್ ದೊಡ್ಡೋರ್ ಮಕ್ಳವ್ರೆ. ಅಂತಾದ್ರಾಗೆ ನಮ್ ಮಗೀನ್ ಕೈಲೇ ಪ್ರಾರ್ಥ್ನೆ ಏಳ್ಸುದ್ರಲ್ಲಾ! ನನ್ ಮಗ ಇದ್ದಿದ್ರೆ ಎಷ್ಟ್ ಕುಸಿ ಪಡೋನೋ. ತಾಯಿಲ್ಲ ತಂದಿಲ್ಲ ಸಾ ಅದಕ್ಕೆ. ನಿಮ್ಗೆ ಒಳ್ಳೇದಾಗ್ಲಿ,” ಎಂದು ಡಬ್ಬಿ ಮುಂದೆ ಹಿಡಿದರು.

ಯಾವ ಮಾತಿಗೂ ಮಾತು ಕೂಡಿಸಬಲ್ಲ ಗಿರಿಧರ ಒಂದು ಚಕ್ಕುಲಿ ತೆಗೆದುಕೊಂಡು ತಲೆ ಆಡಿಸಿದ. ಪಕ್ಕದಲ್ಲಿ ನಟರಾಜ ಕೆಮ್ಮಿನ ನೆವ ಮಾಡಿ ಆ ಕಡೆ ತಿರುಗಿಕೊಂಡ. ಶಿವರಂಜನಿ ಅಜ್ಜಿಯ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಅದು ಹಾಗಲ್ಲ ಅಜ್ಜಿ ಎಂದು ಅವಳು ಹೇಳಲಿಲ್ಲ.

ಅಷ್ಟರಲ್ಲಿ ಪ್ರೇಮಕುಮಾರಿ ಮೇಡಂ ಬಂದರು. ಬಂದವರೇ ಶಿಳ್ಳೆ ಹೊಡೆದು, ಮಕ್ಕಳನ್ನು ಗುಂಪು ಮಾಡಿ, ಆಟ ಶುರು ಮಾಡಿಸಿದರು.

ಗಿರಿಧರ ಆ ಹುಡುಗಿಯನ್ನು ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹಾಕಿ ಸ್ಟಿಕ್ಕಿನ ಚಪ್ಪಟೆ ಮುಖ ಒಂದೇ ಕಡೆ, ಬಾಲು ಮುಟ್ಟುವುದು ಆ ಮುಖದಲ್ಲೇ. ಎಡ ಅಂಚಿನಲ್ಲಿ ಓಡುವವರು ಅದಕ್ಕಾಗಿ ಇಡೀ ಮೈಯನ್ನೇ ತಿರುವಬೇಕು. ಮಕ್ಕಳು ಆ ಜಾಗ ಅಂದರೆ ದೂರ ಓಡುತ್ತಾರೆ. ಇವಳು ಅಲ್ಲಿ ತನ್ನ ಮನೆಯ ಜಗಲಿಯ ಮೇಲೆ ಓಡಾಡುವ ಹಾಗಿದ್ದಳು. ಎದುರು ತಂಡದವರು ಎಲ್ಲಿಗೆ ಬರುತ್ತಾರೆ ಎಂದು ಮೊದಲೇ ತಿಳಿದು ಖಾಲಿ ಜಾಗಕ್ಕೆ ಜಾರಿ ನಿಲ್ಲುತ್ತಿದ್ದಳು. ನಿಂತು ಕಾಯುತ್ತಿದ್ದಳು. ಬಾಲು ಬರುತ್ತಿರಲಿಲ್ಲ. ಆ ವಯಸ್ಸಿನ ಮಕ್ಕಳು ತಲೆ ಎತ್ತಿ ಯಾರು ಎಲ್ಲಿದ್ದಾರೆ ಎಂದು ನೋಡುವುದಿಲ್ಲ, ಕೂಗು ಬಂದ ಕಡೆ ತಳ್ಳುತ್ತಾರೆ. ಮೈದಾನದ ತುಂಬ ‘ಹಾಕೇ, ಆಕೇ, ಇಲ್ಲಿ!’ ಎಂಬ ಕಿರಿಚಾಟ. ಅದರ ನಡುವೆ ಶಿವರಂಜನಿ ಮಾತ್ರ ತುಟಿ ಬಿಗಿದುಕೊಂಡಿದ್ದಳು. ಅವಳೇ ಕಸಿದುಕೊಂಡ ಎರಡು ಮೂರು ಬಾಲು ಬಿಟ್ಟರೆ ಬೆಳಗಿನ ಆಟದಲ್ಲಿ ಅವಳಿಗೆ ಏನೂ ಸಿಗಲಿಲ್ಲ.

ಮಧ್ಯಾಹ್ನ ಚಿತ್ರಾನ್ನದ ಪೊಟ್ಟಣ ಬಿಚ್ಚಿಕೊಂಡು ಮೂವರೂ ನೆರಳಲ್ಲಿ ಕೂತರು. ಯಾರು ಎ, ಯಾರು ಬಿ ಎಂಬ ಮಾತು ಶುರುವಾಯಿತು. ಶಿವರಂಜನಿಯ ವಿಷಯ ಬಂದಾಗ ಪ್ರೇಮಕುಮಾರಿ ತಲೆ ಅಲ್ಲಾಡಿಸಿದರು.

“ಬಿ ಗೇ ಹಾಕ್ಬೇಕು ರೀ. ನಿಲ್ಲೋ ಜಾಗ ಎಲ್ಲಾ ಗೊತ್ತು, ಕಾಲೂ ಚೆನ್ನಾಗಿದೆ. ಆದ್ರೆ ಬಾಯೇ ಬಿಡಲ್ಲ. ಲೆಫ್ಟ್ ವಿಂಗಲ್ಲಿ ನಿಂತು ಬಾಲ್ ಕೇಳದೆ ಇದ್ರೆ ಮೈಸೂರಲ್ಲಿ ಏನ್ ಮಾಡ್ತಾಳೆ? ಹುಟ್ಟಾ ಹಂಗೇನಾ? ಬೆಳಿಗ್ಗೆ ನಿಮ್ಮ ಹತ್ರ ಮಾತಾಡಿದ್ಲಾ ಗಿರಿ ಸರ್?”

ನಟರಾಜ ತುಟಿಯ ಕೊನೆಯಲ್ಲಿ ನಗುತ್ತ ಗಿರಿಧರನ ಕಡೆ ನೋಡಿದ.

“ಮಾತಾಡಿದ್ಲು ಮೇಡಂ,” ಅಂದ ಗಿರಿಧರ. “ಪ್ರಾರ್ಥನೆ... ಅವಳ ಕೈಲೇ ಪ್ರಾರ್ಥನೆ ಹೇಳಿಸಿದ್ವಿ.”

“ಹೌದಾ? ಒಳ್ಳೇ ಕೆಲಸ ಮಾಡಿದ್ರಿ. ಹಳ್ಳಿ ಮಕ್ಕಳಿಗೆ ಧೈರ್ಯ ಬರುತ್ತೆ,” ಅಂದರು ಪ್ರೇಮಕುಮಾರಿ.

ಗಿರಿಧರನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಬೆಳಿಗ್ಗೆ ಮಾಡಿದ್ದು ಚಟದ ಭರದಲ್ಲಿ ಆದದ್ದು ಎಂದಾದರೂ ಹೇಳಿಕೊಳ್ಳಬಹುದಿತ್ತು. ಈಗ ಮಾಡಿದ್ದಕ್ಕೆ ಯಾವ ನೆವವೂ ಇರಲಿಲ್ಲ. ಆ ಮುದುಕಿ ನಂಬಿದ್ದ ಒಂದು ಒಳ್ಳೆಯ ಮಾತನ್ನು ಕದ್ದು ತನ್ನ ಮಾನ ಮುಚ್ಚಿಕೊಂಡಿದ್ದ. ಎಷ್ಟು ಸಲೀಸಾಗಿ ಬಂದಿತ್ತು ಬಾಯಿಗೆ! ಪೊಟ್ಟಣ ಮಡಚಿ ಎದ್ದುಬಿಟ್ಟ.

ಶಿವರಂಜನಿ ನಲ್ಲಿಯ ಹತ್ತಿರ ಮುಖ ತೊಳೆದುಕೊಳ್ಳುತ್ತಿದ್ದಳು. ಅವನನ್ನು ಕಂಡು ನೆಟ್ಟಗೆ ನಿಂತಳು. ತಪ್ಪಾಯಿತು ಅನ್ನಬೇಕೆಂದು ಬಂದವನ ಬಾಯಿಂದ ಬಂದದ್ದು ಮೇಷ್ಟ್ರ ಪ್ರಶ್ನೆ.

“ಯಾಕಮ್ಮ ಬಾಲ್ ಕೇಳ್ತಾ ಇಲ್ಲ? ನಿಮ್ಮೂರಲ್ಲಿ ಆಡುವಾಗ ಕೂಗಲ್ವಾ?”

ಕೂಗುತ್ತೇನೆ ಎಂದು ತಲೆ ಆಡಿಸಿದಳು.

“ಮತ್ತೆ ಇಲ್ಲಿ?”

ಅವಳು ಹಿಂದೆ ಮುಂದೆ ನೋಡಿ, ಹತ್ತಿರ ಯಾರೂ ಇಲ್ಲ ಎಂದು ಗೊತ್ತು ಮಾಡಿಕೊಂಡಳು. ಆಮೇಲೆ ಪರೀಕ್ಷೆಯಲ್ಲಿ ಪಕ್ಕದವರನ್ನು ಕೇಳುವವಳ ಹಾಗೆ ಮೆಲ್ಲಗೆ ಕೇಳಿದಳು: “ಸರ್, ಅದಕ್ಕೆ ಹ ಬತ್ತದಾ, ಬರಲ್ವಾ?”

“ಯಾವುದಕ್ಕೆ?”

“ಅದೇ, ಬಾಲ್ ಇಲ್ಗೆ ಕೊಡು ಅನ್ನಕ್ಕೆ. ಆಕು ಅನ್ಬೇಕಾ, ಹಾಕು ಅನ್ಬೇಕಾ? ಹಾಕಿಗೆ ಹ ಬತ್ತದೆ ಅಂತ ನಮ್ ಮಿಸ್ಸು ಏಳಿದ್ರು. ಆಡದಕ್ಕೆ ಬರಲ್ಲ ಅಂತ ಬೆಳಿಗ್ಗೆ ಗೊತ್ತಾಯ್ತು. ಇದಕ್ಕೆ ಗೊತ್ತಿಲ್ಲ. ಅದಕ್ಕೇ ಸುಮ್ಕಿವ್ನಿ.”

ಗಿರಿಧರನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಇಡೀ ಬೆಳಿಗ್ಗೆ ಈ ಮಗು ಖಾಲಿ ಜಾಗದಲ್ಲಿ ಬಾಲಿಗಾಗಿ ನಿಂತುಕೊಂಡು ಒಂದು ಅಕ್ಷರದ ಲೆಕ್ಕ ಹಾಕುತ್ತಿತ್ತು. ಆ ಲೆಕ್ಕವನ್ನು ಅವಳ ತಲೆಗೆ ತುಂಬಿದವನು ತಾನೇ.

“ಹೇಗೆ ಬೇಕಾದ್ರೂ ಕೂಗು ಪುಟ್ಟ. ಆಕು ಅನ್ನು, ಹಾಕು ಅನ್ನು. ಯಾರೂ ನಗಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಇದೂ ತಮಾಷೆಯೇ, ಈಗ ನಗುತ್ತಾರೆಯೇ ಎಂದು ತುಟಿಗಳನ್ನು ಪರೀಕ್ಷೆ ಮಾಡುವ ಹಾಗೆ ನೋಡಿದಳು. ಅವಳಿಗೆ ನಂಬಿಕೆ ಬರಲಿಲ್ಲ ಎನ್ನುವುದು ಅವನಿಗೆ ಕಂಡಿತು. ಯಾಕೆ ಬರಬೇಕು?

“ಬೆಳಿಗ್ಗೆ ನಾನು ಮಾಡಿದ್ದು ದೊಡ್ಡ ತಪ್ಪಮ್ಮ,” ಅಂದ. “ಎಲ್ಲರ ಎದುರು ನಿನ್ನ ನೋಡಿ ನಗೋ ಹಾಗೆ ಮಾಡಿದೆ. ಎಲ್ಲರನ್ನೂ ಸೇರಿಸಿ, ಅವರ ಎದುರೇ ತಪ್ಪಾಯ್ತು ಅಂತೀನಿ. ಈಗಲೇ ಹೇಳ್ತೀನಿ.”

“ಬ್ಯಾಡಿ ಸಾ!” ಹಕಾರ, ಸರ್ ಎಲ್ಲವನ್ನೂ ಮರೆತು ಅವಳು ಗಾಬರಿಯಿಂದ ಅಂದಳು. “ನಮ್ಮಜ್ಜಿ ಅಲ್ಲೇ ಕುಂತೈತೆ. ನನ್ನ ಪ್ರಾರ್ಥ್ನೆಗೆ ಕರುದ್ರು ಅನ್ಕಂಡೈತೆ. ಊರ್ನಾಗೆ ಎಲ್ರಿಗೂ ಪೋನ್ ಮಾಡಿ ಏಳ್ಬುಟ್ಟೈತೆ ಸಾ. ನಕ್ಕಿದ್ದು ಅಂತ ಗೊತ್ತಾದ್ರೆ ಅಳ್ತದೆ. ಏಳ್ಬ್ಯಾಡಿ ಸಾ, ನಿಮ್ ದಮ್ಮಯ್ಯ.”

ತಪ್ಪೊಪ್ಪಿಕೊಂಡು ಹಗುರಾಗುವ ದಾರಿಯನ್ನೂ ಅವಳು ಮುಚ್ಚಿದಳು. ಒಪ್ಪಿಕೊಂಡರೆ ಹಗುರಾಗುವವನು ಅವನು, ಭಾರ ಬೀಳುವುದು ಆ ಮುದುಕಿಯ ಮೇಲೆ. ಅಷ್ಟು ಚಿಕ್ಕವಳಿಗೆ ತಿಳಿದದ್ದು ನಲವತ್ತು ದಾಟಿದ ಅವನಿಗೆ ಹೊಳೆದಿರಲಿಲ್ಲ. ಆಗಲಿ ಎಂದು ತಲೆ ತಗ್ಗಿಸಿ ವಾಪಸು ಬಂದ.

ಆದರೆ ಒಬ್ಬರಿಗೆ ಹೇಳಲೇಬೇಕಿತ್ತು. ಹೇಳದಿದ್ದರೆ ಹುಡುಗಿ ಬಿ ತಂಡದಲ್ಲೇ ಉಳಿಯುತ್ತಾಳೆ. ಪ್ರೇಮಕುಮಾರಿ ಒಬ್ಬರೇ ಇದ್ದಾಗ ಹೋಗಿ ನಿಂತು, ಹೂರು ಹೆಡಗಡೆಯಿಂದ ಹಿಡಿದು ನಲ್ಲಿಯ ಹತ್ತಿರದ ಮಾತಿನವರೆಗೆ ಎಲ್ಲವನ್ನೂ ಹೇಳಿದ.

“ಮೊದ್ಲು ನಗಿಸಿದ್ದು ಯಾರು?” ಕೊನೆಗೆ ಕೇಳಿದರು.

“ನಾನೇ.”

“ಆಗ್ಲೇ ಕೇಳ್ದಾಗ ಪ್ರಾರ್ಥನೆ ಹೇಳಿಸಿದ್ವಿ ಅಂದ್ರಲ್ಲ, ಅದು?”

“ಅದು ಆ ಅಜ್ಜಿ ಅಂದ್ಕೊಂಡಿದ್ದು ಮೇಡಂ. ನಾನು... ಅದನ್ನೇ ಹೇಳ್ಬಿಟ್ಟೆ.”

“ಛೆ,” ಅಂದರು ಪ್ರೇಮಕುಮಾರಿ. ಇಡೀ ದಿನದಲ್ಲಿ ಅವನಿಗೆ ಯಾರಾದರೂ ಬಯ್ದದ್ದು ಅದೊಂದೇ. ಆಮೇಲೆ ಹೇಳಿದರು: “ನಮ್ದು ಬಾಗೂರ್ ಪಕ್ಕದ ಹಳ್ಳಿ ಕಣ್ರೀ. ಸ್ಟೇಟ್ ಕ್ಯಾಂಪಲ್ಲಿ ನಾನು ಆಕು, ಆಕು ಅಂತಲೇ ಅರಚ್ಕೊಂಡಿದ್ದು. ಬಾಲು ಬತ್ತಿತ್ತು. ನನ್ ಪುಣ್ಯ, ಅಲ್ಲಿ ನಿಮ್ಮಂತೋರ್ ಇರ್ಲಿಲ್ಲ.”

“ಅವಳನ್ನ ಎ ತಂಡಕ್ಕೆ ಹಾಕಿಬಿಡಿ ಮೇಡಂ. ಅವಳದೇನೂ ತಪ್ಪಿಲ್ಲ.”

“ಯಾಕೆ? ನೀವು ಮಾಡಿದ್ದಕ್ಕೆ ಅವಳಿಗೆ ಒಂದು ಜಾಗ ಕೊಟ್ಟು ಸರಿ ಮಾಡ್ಕೊಳಕ್ಕಾ? ಅದೂ ಅವಳಿಗೆ ಅವಮಾನನೇ. ಆಡಿ ತಗೊಳ್ಲಿ. ಕೊನೇ ಆಟಕ್ಕೆ ಅವಳನ್ನ ಇಂಚರನ ತಂಡದಲ್ಲಿ ಎಡಗಡೆ ಬಿಡ್ತೀನಿ. ನೀವು ದಯವಿಟ್ಟು ಬಾಯಿ ಮುಚ್ಕೊಂಡು ನೋಡ್ತಾ ನಿಂತ್ಕೊಳಿ.”

ಅವನು ನಿಂತ. ಕೊನೆಯ ಆಟ ಶುರುವಾಯಿತು. ಬೆಳಿಗ್ಗೆ ಕೂತು ನಕ್ಕಿದ್ದ ಇಂಚರಳೇ ನಡುವಿನಲ್ಲಿ ಬಾಲು ಹಂಚುವವಳು. ಶಿವರಂಜನಿ ಮತ್ತೆ ಖಾಲಿ ಜಾಗ ಹಿಡಿದಳು, ಮತ್ತೆ ಬಾಲು ಬೇರೆ ಕಡೆ ಹೋಯಿತು. ಕೂಗೇ ತಾಯಿ, ಒಂದೇ ಒಂದು ಸಲ ಕೂಗು ಎಂದು ಗಿರಿಧರ ಒಳಗೊಳಗೇ ಬೇಡಿಕೊಂಡ. ಅವಳ ತುಟಿ ಒಮ್ಮೆ ಬಿಚ್ಚಿತು. ಅವಳ ಕಣ್ಣು ಗೆರೆಯಾಚೆ ನಿಂತಿದ್ದ ಅವನ ಮೇಲೆ ಬಿತ್ತು. ತುಟಿ ಮುಚ್ಚಿಕೊಂಡಿತು. ಅವನು ತಕ್ಷಣ ಹಿಂದೆ ಸರಿದು ಗೋಲ್ ಕಂಬದ ಆಚೆ ಅವಳಿಗೆ ಕಾಣದ ಹಾಗೆ ನಿಂತ.

ಆಗ ಕೇಳಿಸಿತು. ಟಕ್, ಟಕ್. ಶಿವರಂಜನಿ ಸ್ಟಿಕ್ಕಿನಿಂದ ನೆಲ ಕುಟ್ಟುತ್ತಿದ್ದಳು. ಕಿರಿಚಾಟದ ನಡುವೆ ಮೊದಲು ಅದು ಯಾರ ಕಿವಿಗೂ ಬೀಳಲಿಲ್ಲ. ಅವಳು ಇನ್ನೂ ಜೋರಾಗಿ, ಸಿಟ್ಟು ಬಂದವಳಂತೆ ಕುಟ್ಟಿದಳು. ಇಂಚರ ತಲೆ ಎತ್ತಿದಳು, ಎಡಗಡೆ ಒಂಟಿಯಾಗಿ ನಿಂತವಳನ್ನು ಕಂಡಳು, ತಳ್ಳಿದಳು. ಶಿವರಂಜನಿ ಮೈ ತಿರುವಿ ಬಾಲು ಹಿಡಿದು ಅಂಚಿನಲ್ಲಿ ಹಾರಿದಳು. ಇಬ್ಬರು ಅಡ್ಡ ಬಂದರು, ಇಬ್ಬರೂ ಹಿಂದೆ ಉಳಿದರು. ಗೋಲಿನ ಎದುರು ಇಂಚರಳಿಗೇ ಬಾಲು ಮರಳಿಸಿದಳು. ಗೋಲಾಯಿತು.

ಅಲ್ಲಿಂದ ಮುಂದೆ ಆಟದ ದಿಕ್ಕೇ ಎಡಕ್ಕೆ ವಾಲಿತು. ಟಕ್ ಟಕ್ ಅಂದ ಕಡೆಗೆಲ್ಲ ಬಾಲು ಹೋಗತೊಡಗಿತು. ಇಂಚರ ಅಂತೂ ಉಳಿದವರ ಕೂಗಿಗೆ ಕಿವಿಗೊಡುವುದನ್ನೇ ಬಿಟ್ಟು ಆ ಸದ್ದಿಗೆ ಕಾಯುತ್ತಿದ್ದಳು. ಆಟ ಮುಗಿದು ಶಿಳ್ಳೆ ಊದಿದ ಪ್ರೇಮಕುಮಾರಿ ಗಿರಿಧರನ ಕಡೆ ತಿರುಗಿಯೂ ನೋಡದೆ “ಎ” ಅಂದರು.

“ಬಾಯಿ ಬೇಕಾಗೇ ಇಲ್ಲ ಬಿಡಿ ಇವಳಿಗೆ,” ಎಂದು ನಟರಾಜ ನಕ್ಕು, ಜೊತೆಗೆ ಯಾರಾದರೂ ನಗುತ್ತಾರೆಯೇ ಎಂದು ನೋಡಿದ. ಯಾರೂ ನಗಲಿಲ್ಲ.

ಅವಳು ಗೆದ್ದಳು ಎಂದು ಗಿರಿಧರನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅವಳು ತಾನು ಹೇಳಿದ ಧೈರ್ಯದ ಮಾತಿನಿಂದ ಗೆದ್ದಿರಲಿಲ್ಲ. ಅವನಿಗೆ ತನ್ನ ದನಿ ಕೇಳಿಸದಂತೆ ಆಡುವ ದಾರಿಯೊಂದನ್ನು ಹುಡುಕಿಕೊಂಡು ಗೆದ್ದಿದ್ದಳು. ಊರಿನ ಬಯಲಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಆಡುವ ಹುಡುಗಿ ಅವನೆದುರು ಮೂಕಿಯಾಗಿ ಆಡಿದ್ದಳು. ಈ ನಾಚಿಕೆಯನ್ನು ಯಾರ ಹತ್ತಿರ ತೊಳೆದುಕೊಳ್ಳುವುದು?

ಹೆಸರುಗಳನ್ನು ಪ್ರೇಮಕುಮಾರಿಯೇ ಕೂಗಿ ಹೇಳಿದರು. ಮಕ್ಕಳು ಚದುರಿದರು. ಗಿರಿಧರ ಯಾರ ಕಣ್ಣಿಗೂ ಬೀಳದೆ ಹೊರಟುಬಿಡೋಣ ಎಂದು ಗೇಟಿಗೆ ಬಂದರೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಅವರೇ, ಅಜ್ಜಿ ಮೊಮ್ಮಗಳು. ದಾಕ್ಷಾಯಣಮ್ಮ ಓಡಿಬಂದು ಕೈ ಮುಗಿದರು.

“ಎಲ್ಲಾ ನಿಮ್ಮಿಂದ ಸಾ. ಬೆಳಿಗ್ಗೆ ದೇವ್ರ ಎಸ್ರು ಏಳ್ಸುದ್ರಲ್ಲ, ಅಲ್ಲಿಂದ್ಲೇ ನಮ್ ಮಗೀಗೆ ಒಳ್ಳೇದ್ ಸುರುವಾಯ್ತು. ಬಾ ಮಗ, ಸಾ ಕಾಲ್ ಮುಟ್ಟು.”

“ಬೇಡಮ್ಮ, ಬೇಡ,” ಎಂದು ಗಿರಿಧರ ಹಿಂದಕ್ಕೆ ಹೆಜ್ಜೆ ಇಟ್ಟ. ಯಾಕೆ ಬೇಡ ಎಂದು ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಹುಡುಗಿ ಬಗ್ಗಿ ಅವನ ಶೂ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಾಗಿತ್ತು.

“ಓಗ್ಬುಟ್ ಬತ್ತೀನಿ ಸಾ ಅನ್ನು,” ಅಂದರು ಅಜ್ಜಿ.

ಅವಳು ಅನ್ನಲಿಲ್ಲ.

“ಅನ್ನೇ. ಇಷ್ಟೊಂದ್ ಮಾಡವ್ರೆ, ಒಂದ್ ಮಾತಾಡಕಾಗಲ್ವಾ?” ಅಜ್ಜಿ ಮೊಮ್ಮಗಳ ತೋಳು ಅಲುಗಿಸಿದರು. ಆಮೇಲೆ ಗಿರಿಧರನ ಕಡೆ ತಿರುಗಿ, ಬೇಜಾರು ಮಾಡ್ಕಬೇಡಿ ಅನ್ನುವ ಹಾಗೆ ನಕ್ಕರು. “ನಾಚ್ಕೆ ಕಣ್ ಸಾ ಇದಕ್ಕೆ.”

ನಾಚಿಕೆ ಅವಳಿಗಲ್ಲಮ್ಮ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಶಿವರಂಜನಿ ತಲೆ ಎತ್ತಿ ನೋಡಿದಳು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಎಲ್ಲಿ ಹೇಳಿಬಿಡುತ್ತಾನೋ ಎಂಬ ಭಯ ಮಾತ್ರ ಇತ್ತು.

“ಹೌದಮ್ಮ, ನಾಚಿಕೆ,” ಅಂದ ಗಿರಿಧರ. ಯಾರಿಗೆ ಎಂದು ಹೇಳಲಿಲ್ಲ.

ಹುಡುಗಿ ಉಸಿರು ಬಿಟ್ಟು, ಅಜ್ಜಿಯ ಕೈ ಹಿಡಿದುಕೊಂಡು ಬಂದು ನಿಂತ ಬಸ್ಸಿನ ಕಡೆ ಹೊರಟಳು.